ತಾಯ್ತನವೂ ಕಾಯಕ, ಚಿಕಿತ್ಸೆಯೂ ಕಾಯಕ





ಕಾಯಕದ ಮಹತ್ತ್ವವನ್ನು ಹೇಳುವಾಗ ನಾವೆಲ್ಲರೂ ಆಯ್ದಕ್ಕಿ ಮಾರಯ್ಯನವರನ್ನು ಸ್ಮರಿಸುತ್ತೇವೆ. ಕಾಯಕದಲ್ಲಿ ತೊಡಗಿರುವ ಹೊತ್ತಿನಲ್ಲಿ ಸಾಕ್ಷಾತ್ ಗುರುವೇ ಎದುರಿಗೆ ಬಂದರೂ, ಜಂಗಮರೇ ಬಾಗಿಲಲ್ಲಿ ನಿಂತರೂ ಕೈಯಲ್ಲಿರುವ ಕೆಲಸ ನಿಲ್ಲಬಾರದು ಎಂಬುದು ಅವರ ನಿಲುವಿನ ತಾತ್ಪರ್ಯ. ಪ್ರವಚನಗಳಲ್ಲಿ ಈ ಮಾತು ಬಂದಾಗಲೆಲ್ಲ ನನ್ನೊಳಗೆ ಒಂದು ಪ್ರಶ್ನೆ ಏಳುತ್ತದೆ. ಅಂಥ ಕಾಯಕದ ನಡುವೆ ಹಸಿದ ಮಗು ಅತ್ತರೆ ಏನು ಮಾಡಬೇಕು? ಆ ಮಗುವಿನ ಪಾಲನೆಯೂ ಕಾಯಕವೇ ಅಲ್ಲವೇ? ಎರಡು ಕಾಯಕಗಳು ಒಂದೇ ಗಳಿಗೆಯಲ್ಲಿ ಕರೆದಾಗ ಶರಣೆಯಾದವಳು ಯಾವ ಕಡೆಗೆ ತಿರುಗಬೇಕು?

ಇದು ನನ್ನ ಪಾಲಿಗೆ ಬರಿಯ ತತ್ತ್ವಜಿಜ್ಞಾಸೆಯಲ್ಲ. ಬಯಲುಸೀಮೆಯ ಭಕ್ತರ ಮನೆಯಲ್ಲಿ ಹುಟ್ಟಿದ ನಾನು ಮದುವೆಯಾದ ಮೇಲೆ ಕರಾವಳಿಗೆ ಬಂದು, ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಸಣ್ಣದೊಂದು ದಂತ ಚಿಕಿತ್ಸಾಲಯವನ್ನು ನಡೆಸುತ್ತಿದ್ದೇನೆ. ಓರೆಹಲ್ಲು, ಉಬ್ಬುಹಲ್ಲುಗಳನ್ನು ಸರಿಪಡಿಸುವುದು ನನ್ನ ಕೆಲಸ. ಜನರ ಮಾತಿನಲ್ಲಿ ಹೇಳುವುದಾದರೆ, ಹಲ್ಲಿಗೆ ಕ್ಲಿಪ್ಪು ಹಾಕುವ ಡಾಕ್ಟರು. ಐದು ವರ್ಷ ಬಿ.ಡಿ.ಎಸ್., ಅದರ ಮೇಲೆ ಮೂರು ವರ್ಷ ಎಂ.ಡಿ.ಎಸ್. ಓದಿ ಈ ಕಾಯಕಕ್ಕೆ ಬಂದೆ. ಬಂಟ್ವಾಳದ ಜೊತೆಗೆ ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ವಾರಕ್ಕೊಂದು ದಿನ ರೋಗಿಗಳನ್ನು ನೋಡುತ್ತಿದ್ದೆ. ಗುರುವಾಯನಕೆರೆಯ ದಾರಿ ಹಿಡಿದರೆ ಬೆಳ್ತಂಗಡಿ, ಸಿದ್ಧಕಟ್ಟೆಯ ದಾರಿ ಹಿಡಿದರೆ ಮೂಡುಬಿದಿರೆ. ಎತ್ತ ಹೋದರೂ ಸುಮಾರು 30 ಕಿಲೋಮೀಟರಿನ ಆಸುಪಾಸು. ಮಗಳು ಹುಟ್ಟಿದ ಮೇಲೆ ಆ 30 ಕಿಲೋಮೀಟರು ಎಷ್ಟು ದೂರವೆಂಬುದು ತಿಳಿಯಿತು.

ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಮಳೆರಜೆ ಹೊಸತಲ್ಲ. ಮಳೆ ಜೋರಾದ ದಿನ ಶಾಲೆಗಳಿಗೆ ರಜೆಯೆಂದು ಜಿಲ್ಲಾಧಿಕಾರಿಗಳ ಆದೇಶ ಹಿಂದಿನ ರಾತ್ರಿಯೋ ಅದೇ ದಿನ ಬೆಳಗ್ಗೆಯೋ ಬರುತ್ತದೆ. ಶಾಲೆಗೆ ರಜೆ, ಚಿಕಿತ್ಸಾಲಯಕ್ಕೆ ರಜೆಯಿಲ್ಲ. ನನ್ನ ರೋಗಿಗಳಲ್ಲಿ ಹೆಚ್ಚಿನವರು ಶಾಲಾ ಮಕ್ಕಳೇ ಆದುದರಿಂದ ಅಂದು ಬರುವವರು ಇನ್ನೂ ಹೆಚ್ಚು. ಮಗಳಿಗೆ ಐದು ವರ್ಷವಾಗಿದ್ದ ಜುಲೈ ತಿಂಗಳಲ್ಲಿ ಅಂಥದೇ ಒಂದು ದಿನ. ಇಷ್ಟಲಿಂಗ ಪೂಜೆ ಮುಗಿಸಿ ಏಳುವಷ್ಟರಲ್ಲಿ ರಜೆಯ ಸುದ್ದಿ ಬಂತು. ಮಗಳ ಮೈ ಮುಟ್ಟಿದರೆ ಜ್ವರ. ಅತ್ತೆಯವರು ಊರಿಗೆ ಹೋಗಿದ್ದರು. ಯಜಮಾನರು ಆಗಲೇ ಕೆಲಸಕ್ಕೆ ಹೊರಟಿದ್ದರು. ಅವರನ್ನು ನಿಲ್ಲಿಸಬೇಕೆಂದು ನನಗೂ ತೋಚಲಿಲ್ಲ, ನಿಲ್ಲಬೇಕೆಂದು ಅವರಿಗೂ ತೋಚಲಿಲ್ಲ. ಮೂಡುಬಿದಿರೆಯಲ್ಲಿ ಹನ್ನೆರಡು ಮಂದಿ ಕಾಯುತ್ತಿದ್ದರು. ಮಗಳಿಗೆ ಔಷಧಿ ಕೊಟ್ಟು, ಕಂಬಳಿ ಹೊದಿಸಿ, ಜೊತೆಯಲ್ಲೇ ಕರೆದುಕೊಂಡು ಹೋದೆ.

ಕಾಯುವ ಕೋಣೆಯ ಬೆಂಚಿನ ಮೇಲೆ ಮಲಗಿದ ಮಗು ನನ್ನನ್ನು ಕರೆದು ಅಳತೊಡಗಿತು. ನನ್ನ ಕೈಯೋ ಮತ್ತೊಬ್ಬರ ಮಗುವಿನ ಬಾಯಲ್ಲಿತ್ತು. ಆಗ ಮಗನನ್ನು ತೋರಿಸಲು ಬಂದಿದ್ದ ಒಬ್ಬ ತಾಯಿ ಎದ್ದು ಬಂದು ನನ್ನ ಮಗಳನ್ನು ಮಡಿಲಿಗೆ ಎತ್ತಿಕೊಂಡರು. “ಡಾಕ್ಟ್ರೇ, ನೀವು ಕೆಲಸ ಮಾಡಿ. ಮಗು ನನ್ನಲ್ಲಿ ಇರಲಿ. ಬೀಡಿಯ ಗೆರಸೆ ಒಂದು ತೊಡೆಯಲ್ಲಿ, ಮಗು ಒಂದು ತೊಡೆಯಲ್ಲಿ ಇಟ್ಟುಕೊಂಡೇ ನಾನು ಇವನನ್ನು ಸಾಕಿದ್ದು” ಎಂದರು. ಬಂಟ್ವಾಳ, ಬೆಳ್ತಂಗಡಿಯ ಮನೆಮನೆಗಳಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸಿದ ತಾಯಂದಿರು ಅಸಂಖ್ಯರು. ತಾಯ್ತನ ಮತ್ತು ದುಡಿಮೆಗಳ ಸಮತೋಲನವೆಂಬುದು ಓದಿದ ಹೆಂಗಸರ ಹೊಸ ಸಮಸ್ಯೆ ಎಂದುಕೊಂಡಿದ್ದ ನನ್ನ ಅಹಂಕಾರ ಅಂದು ಕರಗಿತು. ಅದರೊಡನೆ, ನನ್ನ ಮಗುವಿಗೆ ಮಡಿಲಾದವರು ಅಪರಿಚಿತರು, ಮನೆಯವರಲ್ಲ ಎಂಬ ಸತ್ಯವೂ ಚುಚ್ಚಿತು.

ಅಂದಿನ ರಾತ್ರಿ ನಾನು ಮತ್ತೆ ಓದಿದ್ದು ಮಾರಯ್ಯನವರನ್ನಲ್ಲ, ಅವರ ಧರ್ಮಪತ್ನಿ ಲಕ್ಕಮ್ಮನವರನ್ನು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳದು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಅನುಭವ ಮಂಟಪದ ಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರು ಲಕ್ಕಮ್ಮ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ಆಸೆಯ ಗುರುತು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಮರಳಿ ಕಳುಹಿಸಿದವರೂ ಅವರೇ. ಈ ಎರಡು ಪ್ರಸಂಗಗಳನ್ನು ನಾವು ಬೇರೆ ಬೇರೆಯಾಗಿ ಹೇಳುತ್ತೇವೆ. ಜೊತೆಗಿಟ್ಟು ನೋಡಿದರೆ ಒಂದು ಪೂರ್ಣ ತತ್ತ್ವ ಕಾಣುತ್ತದೆ: ಕಾಯಕವನ್ನು ಬಿಡಬಾರದು, ಕಾಯಕಕ್ಕೆ ಮಿತಿಯೂ ಬೇಕು. ಮಾರಯ್ಯನವರ ನಿಷ್ಠೆಗೆ ಲಕ್ಕಮ್ಮನವರ ಮಿತಿ ಸೇರಿದಾಗಲೇ ಕಾಯಕ ಸಂಪೂರ್ಣ.

ಇಲ್ಲಿ ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಲು ಹೋದವರು ಪತಿ. ಇಂದು ಮನೆಗಳಲ್ಲಿ ಮಿತಿಯ ಮಾತು ಬಂದೊಡನೆ, ‘ನೀನೇ ಪ್ರಾಕ್ಟೀಸು ಕಡಿಮೆ ಮಾಡು, ಮಗು ದೊಡ್ಡದಾಗುವ ತನಕ ನಿಲ್ಲಿಸು’ ಎಂದು ಹೆಂಗಸಿಗೇ ಹೇಳುತ್ತೇವೆ. ಇದು ಲಕ್ಕಮ್ಮನವರ ತತ್ತ್ವವಲ್ಲ. ಮಿತಿಯೆಂಬುದು ಇಬ್ಬರಿಗೂ ಸೇರಿದ್ದು. ಅವನ ಅಕ್ಕಿಯನ್ನು ಅಳೆಯದೆ ಅವಳ ಅಕ್ಕಿಯನ್ನು ಮಾತ್ರ ಅಳೆಯುವ ಮನೆಯಲ್ಲಿ ಸಮತೋಲನವೆಂಬ ಮಾತಿಗೆ ಅರ್ಥವಿಲ್ಲ.

ನಾವು ಮಾಡಿದ್ದು ಇಷ್ಟು. ನಾನು ಬೆಳ್ತಂಗಡಿಯಲ್ಲಿ ಹೊಸ ರೋಗಿಗಳನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಆದರೆ ಅಲ್ಲಿಯ ಬಾಗಿಲನ್ನು ಮರುದಿನವೇ ಮುಚ್ಚಲಿಲ್ಲ. ಹಲ್ಲು ಸರಿಯಾಗಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು. ತಂತಿ ಕಟ್ಟಿ ನಡುವೆ ಕೈಬಿಟ್ಟರೆ ಆ ಮಗುವಿಗೆ ದ್ರೋಹ. ಆದ್ದರಿಂದ ಹಳಬರ ಚಿಕಿತ್ಸೆ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ಹೋಗಿಬಂದೆ. ಕೊನೆಯ ಹುಡುಗಿಗೆ ರಿಟೇನರ್ ಕೊಟ್ಟ ಮೇಲೆಯೇ ಅಲ್ಲಿಯ ಕಾಯಕ ಮುಗಿಯಿತು. ಆದಾಯ ತಗ್ಗಿತು. ಯಂತ್ರೋಪಕರಣಗಳಿಗೆ ಮಾಡಿದ ಸಾಲ ತೀರುವುದು ತಡವಾಯಿತು. ಯಜಮಾನರೂ ಒಂದು ಬಡ್ತಿಯ ವರ್ಗಾವಣೆಯನ್ನು ಬೇಡವೆಂದರು. ಮೂಡುಬಿದಿರೆಯ ದಿನ ಮನೆಯ ಅಡುಗೆ, ಮಗಳ ಪಾಠ, ಮಳೆರಜೆ, ಜ್ವರ ಎಲ್ಲವೂ ಅವರ ಹೊಣೆ. ಮೊದಮೊದಲು ನೆಂಟರು ನಕ್ಕರು. ಈಗ ನಗುವುದಿಲ್ಲ.

ಯಾವ ಕರೆಗೆ ಮೊದಲು ಓಗೊಡಬೇಕೆಂಬುದನ್ನೂ ಕಾಯಕವೇ ಕಲಿಸಿತು. ತಿಂಗಳ ತಪಾಸಣೆ ಒಂದು ವಾರ ತಡವಾದರೆ ಹಲ್ಲಿಗೆ ಹಾನಿಯಿಲ್ಲ. ತಂತಿ ಬಿಟ್ಟು ಕೆನ್ನೆಗೆ ಚುಚ್ಚುತ್ತಿದ್ದರೆ ಅದು ಕಾಯಬಾರದು. ಮನೆಯಲ್ಲಿಯೂ ಹಾಗೆಯೇ. ಶಾಲೆಯ ವೇಷಭೂಷಣ ಸ್ಪರ್ಧೆಗೆ ಅಜ್ಜಿ ಹೋಗಬಹುದು. ಜ್ವರದ ರಾತ್ರಿ ತಂದೆ ತಾಯಿಯರಲ್ಲೊಬ್ಬರು ಬಳಿಯಲ್ಲಿರಲೇಬೇಕು. ದಿನದಿನವೂ ಎರಡು ತಟ್ಟೆಗಳನ್ನು ಸಮವಾಗಿ ತೂಗುವುದು ಯಾರಿಗೂ ಸಾಧ್ಯವಿಲ್ಲ. ಅದನ್ನು ಸಾಧಿಸಲಾಗದ ತಾಯಿ ತಪ್ಪಿತಸ್ಥಳೂ ಅಲ್ಲ.

ಹಲ್ಲು ಸರಿಯುವುದು ಬಲವಂತದಿಂದಲ್ಲ. ಹಗುರವಾದ ಒತ್ತಡ ಎಡೆಬಿಡದೆ ಬಿದ್ದಾಗ ಹಲ್ಲಿನ ಒಂದು ಬದಿಯ ಎಲುಬು ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಮೂಡುತ್ತದೆ. ಬೇಗ ಆಗಲೆಂದು ತಂತಿಯನ್ನು ಅತಿಯಾಗಿ ಬಿಗಿದರೆ ಹಲ್ಲು ಬೇಗ ಸರಿಯುವುದಿಲ್ಲ, ಬೇರು ಸವೆಯುತ್ತದೆ. ತಾಯಿಯ ಮೇಲೆ ನಾವು ಹೇರುವ ಒತ್ತಡಕ್ಕೂ ಈ ಮಾತು ಸಲ್ಲುತ್ತದೆ. ತಾಯಿಯನ್ನು ‘ತ್ಯಾಗಮಯಿ’ ಎಂದು ವೇದಿಕೆಯಲ್ಲಿ ಕೊಂಡಾಡಿ, ಮನೆಯ ಭಾರವನ್ನೆಲ್ಲ ಅವಳ ಮೇಲೆಯೇ ಬಿಡುವುದು ಬಿಗಿತಂತಿಯ ಚಿಕಿತ್ಸೆಯಂತೆ. ಬಸವಾದಿ ಶರಣರ ದಾರಿ ಹೀಗಿರಲಿಲ್ಲ. ಅಕ್ಕನಾಗಮ್ಮನವರು ಚನ್ನಬಸವಣ್ಣನವರ ತಾಯಿ. ಮಹಾಮನೆಯ ದಾಸೋಹದಲ್ಲಿ ಹೊಣೆ ಹೊತ್ತ ಶರಣೆಯೂ ಹೌದು. ಅವರ ಮಗ ಸೋದರಮಾವ ಬಸವಣ್ಣನವರ ನೆರಳಿನಲ್ಲಿ, ಶರಣರ ನಡುವೆ ಬೆಳೆದು ಷಟ್‌ಸ್ಥಲಜ್ಞಾನಿಯಾದರು. ತಾಯಿಯೊಬ್ಬಳೇ ಸಾಕಿದ ಮಗುವಲ್ಲ ಅದು.

2017ರ ತಿದ್ದುಪಡಿಯ ಬಳಿಕ ಹೆರಿಗೆ ಸೌಲಭ್ಯ ಕಾಯಿದೆ ನೌಕರಿಯಲ್ಲಿರುವ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತು. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ ವಿಧಿಸಿತು. ತನ್ನದೇ ಚಿಕಿತ್ಸಾಲಯ, ತನ್ನದೇ ಅಂಗಡಿ, ತನ್ನದೇ ಹೊಲಿಗೆಯಂತ್ರ ಇಟ್ಟುಕೊಂಡ ತಾಯಿಗೆ ಇದಾವುದೂ ಇಲ್ಲ. ಕಾನೂನು ತಲುಪದ ಆ ಬಾಗಿಲಿಗೆ ದಾಸೋಹ ತಲುಪಬೇಕು.

ದಾಸೋಹವೆಂದರೆ ಅನ್ನ ಮಾತ್ರವಲ್ಲ, ಹೊತ್ತೂ ದಾಸೋಹವೇ. ಮಳೆರಜೆಯ ದಿನ ನೆರೆಮನೆಯ ದುಡಿಯುವ ತಾಯಿಯ ಮಗುವನ್ನು ನಮ್ಮ ಮಕ್ಕಳ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರೆ ಅದೂ ಲಿಂಗಮೆಚ್ಚುವ ಸೇವೆ. ಅಕ್ಕನ ಬಳಗಗಳು ಹತ್ತಿರದ ಮನೆಗಳ ಒಂದು ಸರದಿಯನ್ನು ಗೊತ್ತುಮಾಡಿಕೊಳ್ಳಲಿ. ಪೂಜ್ಯರು ತಮ್ಮ ಪ್ರವಚನಗಳಲ್ಲಿ ತಾಯಂದಿರಿಗೆ ತ್ಯಾಗವನ್ನು ಬೋಧಿಸುವುದರ ಜೊತೆಗೆ ತಂದೆಯರಿಗೆ ಲಕ್ಕಮ್ಮನವರ ಮಿತಿಯನ್ನೂ ಬೋಧಿಸಬೇಕೆಂದು ವಿನಮ್ರವಾಗಿ ಬಿನ್ನವಿಸಿಕೊಳ್ಳುತ್ತೇನೆ.

ಮೊದಲಿನ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೇ: ಎರಡು ಕಾಯಕಗಳು ಏಕಕಾಲಕ್ಕೆ ಕರೆದಾಗ ಒಬ್ಬಳೇ ಎರಡು ಕಡೆ ಓಡಬೇಕಾಗಿಲ್ಲ; ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿವೆ, ನೆರೆಯಲ್ಲಿ ಇನ್ನೂ ಹತ್ತು ಜೊತೆ ಇವೆ. ಅಂದು ನನ್ನ ಮಗಳನ್ನು ಮಡಿಲಿಗೆತ್ತಿಕೊಂಡ ಆ ತಾಯಿ ಶರಣರ ಹೆಸರನ್ನು ಕೇಳಿದ್ದರೋ ಇಲ್ಲವೋ ನಾನರಿಯೆ. ಅವರು ಮಾಡಿದ್ದು ದಾಸೋಹವೇ.