ಹಳೇಬೀಡು ಮುಕ್ಕಾಲು ಗಂಟೆಯ ಊರಲ್ಲ

ಹಳೇಬೀಡಿಗೆ ಬರುವ ಪ್ರವಾಸದ ಬಸ್ಸುಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಗಡಿಯಾರ ಹಿಡಿದು ನೋಡಿ. ಬೆಳಕು ಹರಿಯುವ ಮೊದಲೇ ಬೆಂಗಳೂರು ಬಿಟ್ಟು, ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಇಳಿದು, ಬೇಲೂರಿನ ಮದನಿಕೆಯರನ್ನು ಮುಗಿಸಿ, ಅಲ್ಲಿಂದ 16 ಕಿಲೋಮೀಟರ್ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಹೊತ್ತು ವಾಲಿರುತ್ತದೆ. ಚಪ್ಪಲಿ ಬಿಟ್ಟು ಹೊಯ್ಸಳೇಶ್ವರಕ್ಕೆ ಒಂದು ಸುತ್ತು, ಗೈಡ್ ಟಾರ್ಚು ಬಿಟ್ಟ ಕಡೆಗೆಲ್ಲ ಕತ್ತು ತಿರುಗಿಸುವುದು, ನಂದಿಯ ಮುಂದೆ ಒಂದು ಫೋಟೋ. ಮುಕ್ಕಾಲು ಗಂಟೆಯಲ್ಲಿ ಹಾರ್ನ್ ಕೇಳಿಸುತ್ತದೆ. ಮನೆಗೆ ಹೋಗಿ ‘ಹಳೇಬೀಡು ನೋಡಿ ಬಂದೆವು’ ಅನ್ನುತ್ತೇವೆ. ನನ್ನ ತಕರಾರು ಈ ಮಾತಿನ ಮೇಲೆ. ನೋಡಿದ್ದು ಒಂದು ಗುಡಿಯನ್ನು. ಹಳೇಬೀಡು ಒಂದು ಊರು. ಅದರ ಮೊದಲಿನ ಹೆಸರು ದೋರಸಮುದ್ರ. ಹೊಯ್ಸಳರ ರಾಜಧಾನಿಗೆ ಆ ಹೆಸರು ಬಂದದ್ದು ಗುಡಿಯಿಂದಲ್ಲ, ಕೆರೆಯಿಂದ.

ಊರನ್ನು ನಡೆದೇ ನೋಡಬೇಕು. ಬಹಳ ದೂರವೇನಿಲ್ಲ. ಗುಡಿಯ ಆವರಣದಿಂದ ಹೊರಟರೆ ಒಂದು ಕಿಲೋಮೀಟರಿನೊಳಗೆ ಬಸದಿಹಳ್ಳಿ. ಅಲ್ಲಿ ಸಾಲಾಗಿ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ಕಟ್ಟಿಸಿದ, ತನ್ನ ತಂದೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ. ಹೊರಗೋಡೆಯಲ್ಲಿ ಆನೆಯಿಲ್ಲ, ಕುದುರೆಯಿಲ್ಲ, ರಾಮಾಯಣವಿಲ್ಲ. ‘ಏನೂ ಇಲ್ಲವಲ್ಲ’ ಎಂದು ಬಾಗಿಲಿಂದಲೇ ತಿರುಗುವವರಿದ್ದಾರೆ. ಒಳಗೆ ಹೋದರೆ ನವರಂಗದ ಕಂಬಗಳು ಎಷ್ಟು ನುಣುಪೆಂದರೆ ಎದುರು ನಿಂತವರ ನೆರಳು ಅವುಗಳಲ್ಲಿ ಕಾಣುತ್ತದೆ. ಕಂಬಗಳ ಆಚೆ ಗರ್ಭಗುಡಿಯಲ್ಲಿ, ಬಟ್ಟೆಯಿಲ್ಲದೆ ಒಡವೆಯಿಲ್ಲದೆ ನೆಟ್ಟಗೆ ನಿಂತ ಎತ್ತರದ ತೀರ್ಥಂಕರ.

ಹೊಯ್ಸಳ ಶಿಲ್ಪವನ್ನು ಯುರೋಪಿನ ಬರೋಕ್ ಶೈಲಿಗೆ ಹೋಲಿಸುವ ರೂಢಿಯೊಂದಿದೆ. ತುಂಬಿ ತುಳುಕುವ ಕೆತ್ತನೆ, ಒಂದಿಷ್ಟೂ ಜಾಗ ಬಿಡದ ಅಲಂಕಾರ, ಇತ್ಯಾದಿ. ಒಂದೇ ಗೋಡೆ ನೋಡಿದವರಿಗೆ ಈ ಹೋಲಿಕೆ ಸಾಕು. ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಅದೇ ಊರು, ಅದೇ ಅರಸ, ನಡುವೆ ಹನ್ನೆರಡು ವರ್ಷ. ಒಂದು ಕಡೆ ಉಳಿ ಬಿಡುವಿಲ್ಲದೆ ಮಾತಾಡಿದೆ, ಇನ್ನೊಂದು ಕಡೆ ಬೇಕೆಂದೇ ಬಾಯಿ ಮುಚ್ಚಿದೆ. ಕೆತ್ತಲು ಬಾರದೆ ಬಿಟ್ಟ ಗೋಡೆಯಲ್ಲ ಅದು. ಒಂದರಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿ ಹೋದವರಿಗಷ್ಟೇ ಈ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಕಾರಣವಿದೆ. ಇಮ್ಮಡಿ ಬಲ್ಲಾಳನ ಕವಿ ಜನ್ನ, 1209ರ ‘ಯಶೋಧರ ಚರಿತೆ’ಯ ಜನ್ನ, ಈ ಪಾರ್ಶ್ವ ಬಸದಿಗೆ ದ್ವಾರ ಕಟ್ಟಿಸಿದನೆಂದು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ನಮ್ಮ ತರಗತಿಗಳಲ್ಲಿ ಜನ್ನ ಪರೀಕ್ಷೆಯ ಪ್ರಶ್ನೆ, ಹಳೇಬೀಡು ಪ್ರವಾಸದ ಪಟ್ಟಿ. ಕನ್ನಡ ಎಂ.ಎ. ವಿದ್ಯಾರ್ಥಿಗಳ ಬಸ್ಸು ಕೂಡ ಜನ್ನನ ಬಸದಿಗೆ ಹೋಗದೆ ತಿರುಗುತ್ತದೆ ಎಂದರೆ, ನಾವು ಓದಿಸುತ್ತಿರುವುದಾದರೂ ಏನನ್ನು?

ಬಸದಿಯಿಂದ ಸ್ವಲ್ಪ ಮುಂದೆ ಕೇದಾರೇಶ್ವರ. 1219ರ ಹೊತ್ತಿಗೆ ಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ್ದು. ಹಾಳಾದದ್ದಕ್ಕೆಲ್ಲ ಮಲಿಕ್ ಕಾಫೂರನ ಕಡೆ ಬೆರಳು ತೋರಿಸುವುದು ನಮಗೆ ಅಭ್ಯಾಸ. ಅವನು ದೋರಸಮುದ್ರಕ್ಕೆ ಬಂದದ್ದು 1311ರಲ್ಲಿ. ಕೇದಾರೇಶ್ವರವನ್ನು ಕೆಡವಿದ್ದು ಮರ! ಶಿಖರದಲ್ಲಿ ಬೇರುಬಿಟ್ಟ ಗಿಡವನ್ನು ಯಾರೂ ಕೀಳಲಿಲ್ಲ. ಅದು ಬೆಳೆದು ಕಲ್ಲುಗಳನ್ನು ಸಡಿಲಿಸಿತು, 19ನೇ ಶತಮಾನದಲ್ಲಿ ಎಲ್ಲರ ಕಣ್ಣೆದುರೇ ಗುಡಿ ಕುಸಿಯಿತು. ಫರ್ಗ್ಯುಸನ್ ಅಷ್ಟೊಂದು ಹೊಗಳಿದ ಕಟ್ಟಡವದು. ಈಗ ನಿಂತಿರುವುದು ಮತ್ತೆ ಜೋಡಿಸಿದ್ದು, ಶಿಖರವಿಲ್ಲದೆ. ಆದ್ದರಿಂದ ಜೀರ್ಣೋದ್ಧಾರ ಬೇಡ, ಬೇಲಿ ಬೇಡ, ಕಾವಲು ಬೇಡ ಎಂದು ಯಾರಾದರೂ ಹೇಳಿದರೆ ನಾನು ಅವರ ಜೊತೆಗಿಲ್ಲ.

ಆದರೆ ಉಳಿಸುವುದು ಎಂದರೆ ಕತ್ತರಿಸಿ ಇಡುವುದೇ? ಹೊಯ್ಸಳೇಶ್ವರದ ಎರಡೂ ಗರ್ಭಗುಡಿಗಳು ಪೂರ್ವಕ್ಕೆ, ಕೆರೆಯ ಕಡೆಗೆ ಮುಖ ಮಾಡಿವೆ. ಅದನ್ನು ಕಟ್ಟಿದವರಿಗೆ ನೀರು, ನಂದಿ, ದೇವರು ಒಂದೇ ಸಾಲಿನಲ್ಲಿದ್ದವು. ಇಂದು ನಡುವೆ ಹುಲ್ಲುಹಾಸು, ಬೇಲಿ. ಬಂದವರು ಕೆರೆಗೆ ಬೆನ್ನು ಹಾಕಿ ಗುಡಿಯ ಫೋಟೋ ತೆಗೆಯುತ್ತಾರೆ. (ಆ ಹುಲ್ಲುಹಾಸು ಯಾವ ಹೊಯ್ಸಳ ಶಾಸನದಲ್ಲಿದೆಯೋ ಗೊತ್ತಿಲ್ಲ, ನೋಡಿದರೆ ಬ್ರಿಟಿಷರ ಬಂಗಲೆಯದ್ದು.)

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದವು. ಸಂತೋಷವೇ. ಆದರೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು ಎಂಬ ಕಾನೂನಿನ ಭಾರ ಹೊರುವವರು ಗುಡಿಯ ಪಕ್ಕದ ಮನೆಯವರು. ಮಗನಿಗೆ ಮದುವೆಯಾಯಿತೆಂದು ಒಂದು ಕೋಣೆ ಎಬ್ಬಿಸಲಾಗದವರಿಗೆ ಪ್ರವಾಸದ ಲಾಭದಲ್ಲಿ ಸಿಗುವುದೇನು? ಮುಕ್ಕಾಲು ಗಂಟೆಯಲ್ಲಿ ಎದ್ದು ಹೋಗುವ ಬಸ್ಸು ಎಳನೀರಿಗೂ ನಿಲ್ಲುವುದಿಲ್ಲ. ನಡೆಯುವವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ದಾರಿ ಕೇಳಬೇಕಾಗುತ್ತದೆ. ಊರಿನವರಿಗೆ ಬೇಕಾದದ್ದು ಅಂಥವನೇ.

ಪಟ್ಟಿ ಎಂದ ಮೇಲೆ ಹೊರಗುಳಿದದ್ದೂ ಇರುತ್ತದೆ. ಅರಸೀಕೆರೆಯನ್ನು ರೈಲು ಬದಲಿಸುವ ಜಂಕ್ಷನ್ ಎಂದಷ್ಟೇ ಬಲ್ಲವರು ಎಷ್ಟು ಜನ! ಅದೇ ಊರಿನಲ್ಲಿ 1220ರ ಈಶ್ವರ ದೇವಾಲಯವಿದೆ, ಅದರ ಮುಂದೆ ನಕ್ಷತ್ರದಂತೆ ಮೂಲೆಮೂಲೆಯಾಗಿ ಚಾಚಿದ ತೆರೆದ ಮಂಟಪ. ಅದೇ ಕಾಲದಲ್ಲಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅಲ್ಲೇ ಇದೆ. ಮುಂದಿನ ರೈಲಿಗೆ ಎರಡು ಗಂಟೆ ಇದ್ದರೂ ಜನ ಪ್ಲಾಟ್‌ಫಾರ್ಮಿನಲ್ಲೇ ಕೂತಿರುತ್ತಾರೆ, ಏಕೆಂದರೆ ಯಾರೂ ಅವರಿಗೆ ಹೇಳಿಲ್ಲ.

ಕೋಟಿಗಳ ಯೋಜನೆ ಕೇಳುತ್ತಿಲ್ಲ. ಕೆರೆ ಏರಿಯಿಂದ ಹೊಯ್ಸಳೇಶ್ವರ, ಬಸದಿಹಳ್ಳಿ, ಕೇದಾರೇಶ್ವರ, ಅಲ್ಲಿಂದ ಹುಲಿಕೆರೆಯ ಕಲ್ಯಾಣಿಯವರೆಗೆ ಒಂದು ಕಾಲುದಾರಿ, ತಿರುವುಗಳಲ್ಲಿ ಕನ್ನಡದ ಕೈಮರ, ಎರಡು ಕಡೆ ಕುಡಿಯುವ ನೀರು. ಅದಾಗುವವರೆಗೆ ಕಾಲೇಜುಗಳು ಮಾಡಬಹುದಾದದ್ದು ಇನ್ನೂ ಸುಲಭ: ಪ್ರವಾಸದ ಪಟ್ಟಿಯಿಂದ ಎರಡು ಊರು ತೆಗೆದುಹಾಕಿ, ಹಳೇಬೀಡಿಗೆ ಇಡೀ ಒಂದು ದಿನ ಕೊಡಿ, ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಕೆರೆ ಏರಿಯ ಮೇಲೆ ಇಳಿಸಿ, ಡ್ರೈವರಿಗೆ ಸಂಜೆಯವರೆಗೆ ರಜ ಕೊಡಿ.