ಯಾರ ರಕ್ತ, ಯಾರ ಮೆದುಳು

ಪ್ರಯೋಗಾಲಯದಲ್ಲಿ ಬೆಳೆಸಿದ ಮೆದುಳಿಗೆ ನೋವಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬೆಳೆಸಲು ರಕ್ತ ಕೊಟ್ಟವರ ಮಾತು ಎಲ್ಲಿಯತನಕ ನಡೆಯುತ್ತದೆ ಎಂದು ಕೇಳುವವರು ಕಡಿಮೆ. ನನಗೆ ತುರ್ತಾಗಿ ಕಾಣುವುದು ಈ ಎರಡನೆಯದೇ.

ವಿಯೆನ್ನಾದಲ್ಲಿ ಮೆಡಲಿನ್ ಲ್ಯಾಂಕಾಸ್ಟರ್ ಮತ್ತು ಸಂಗಡಿಗರು 2013ರಲ್ಲಿ ಹಲವು ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಿಂದ ಬೆಳೆಸಿದ ಮೆದುಳಿನ ಅಂಗಾಂಶ ಹೆಚ್ಚೆಂದರೆ ಜೋಳದ ಕಾಳಿನಷ್ಟಿತ್ತು. ರಕ್ತನಾಳಗಳಿಲ್ಲದ್ದರಿಂದ ದೊಡ್ಡದಾದಂತೆ ನಡುವಿನ ಕೋಶಗಳು ಆಮ್ಲಜನಕ ಸಿಗದೆ ಸಾಯುತ್ತವೆ. ತಿಂಗಳುಗಟ್ಟಲೆ ಸಾಕಿದರೂ ಅದು ಬಹುಮಟ್ಟಿಗೆ ಭ್ರೂಣದ ಮೆದುಳನ್ನೇ ಹೋಲುತ್ತದೆ. ಅದಕ್ಕೆ ನೋವಿದೆ ಎನ್ನಲು ಇವತ್ತು ಆಧಾರವಿಲ್ಲ. ಆದರೆ 2022ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಅಂಗಾಂಶವನ್ನು ಇಲಿಮರಿಗಳ ಮೆದುಳಿಗೆ ಕಸಿ ಮಾಡಿದ್ದಾರೆ. ಹಾಗಾಗಿ ನೋವಿನ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ನಮ್ಮಲ್ಲೂ ಈ ದಾರಿಯ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಸ್ಥೆಗಳು ಸೇರಿ, ತೀವ್ರ ಮಾನಸಿಕ ಕಾಯಿಲೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಂದಿರುವ ಕುಟುಂಬಗಳಿಂದ ರಕ್ತ ಪಡೆದು, ಅದರ ಕೋಶಗಳನ್ನು ಕಾಂಡಕೋಶಗಳಾಗಿಸಿ, ನರಕೋಶ ಬೆಳೆಸಿ ನೋಡಿವೆ. ಬೇರೆ ದಾರಿಯೂ ಕಷ್ಟ. ಬದುಕಿರುವವರ ಮೆದುಳನ್ನು ಕತ್ತರಿಸಿ ನೋಡಲಾಗದು. 1995ರಿಂದ ಇರುವ ನಿಮ್ಹಾನ್ಸ್ ಮೆದುಳು ಬ್ಯಾಂಕಿಗೆ ಬರುವುದು ಸತ್ತವರದು.

ಈಗ ನಮ್ಮ ಮಹಾಲಿಂಗಪುರದ ಕಡೆ ಬನ್ನಿ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇಲ್ಲಿ ಇನ್ನೂ ಇದೆ. ಇಂಥ ಕಾಯಿಲೆಯ ಬಗ್ಗೆ 'ಅವ್ರ ಮನೆತನದಾಗ ಐತಂತ' ಎಂಬ ಒಂದು ಮಾತಿಗೆ ಕೂಡಿಬಂದ ಸಂಬಂಧ ಮುರಿಯುತ್ತದೆ. ರಕ್ತ ಕೊಟ್ಟು ಸಹಿ ಹಾಕುವವನು ಒಬ್ಬ. ಆ ಕೋಶದಲ್ಲಿರುವ ವಂಶವಾಹಿ ಒಂದಷ್ಟು ಅವನ ಅಕ್ಕನದೂ ಹೌದು, ಅವಳ ಮಗಳದೂ ಹೌದು. ಹೆಸರು ತೆಗೆದು ಸಂಕೇತ ಹಾಕುತ್ತೇವೆ ಎನ್ನುತ್ತಾರೆ ಸಂಶೋಧಕರು. ಅದು ಬೇಕಾದದ್ದೇ. ಆದರೆ ವಂಶವೃಕ್ಷ ಬರೆದಿಟ್ಟರೆ ಊರಿನವರಿಗೆ ಹೆಸರೇ ಬೇಕಾಗಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ, ತಿಳಿಸಿ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. 'ಸಂಶೋಧನೆಗಾಗಿ' ಎಂದಷ್ಟೇ ಬರೆದರೆ ತಿಳಿಸಿದಂತಾಗುವುದೇ? ಕಾಯಿಲೆಯ ಭರದಲ್ಲಿರುವವನಿಂದ ಒಮ್ಮೆ ಪಡೆದ ಸಹಿ, ಅವನು ಚೇತರಿಸಿಕೊಂಡ ಮೇಲೂ ಸಾಕೇ? ಪದೇ ಪದೇ ಕೇಳಿದರೆ ಕೆಲಸ ನಿಧಾನವಾಗುತ್ತದೆ, ನಿಜ. ಆಗಲಿ. 'ಈ ರಕ್ತದಿಂದ ಮೆದುಳಿನ ತುಣುಕು ಬೆಳೆಸುತ್ತೇವೆ. ಅದು ನಿಮ್ಮ ಮಗನನ್ನು ಗುಣಪಡಿಸದು. ನೀವು ಬೇಡವೆಂದ ದಿನ ಮುಂದಿನ ಬಳಕೆ ನಿಲ್ಲಿಸಬಹುದು, ಆದರೆ ಅಷ್ಟರಲ್ಲಿ ಬೇರೆ ಪ್ರಯೋಗಾಲಯಕ್ಕೆ ಹೋದದ್ದನ್ನೆಲ್ಲ ಮರಳಿ ತರಲಾಗದು'—ಇಷ್ಟನ್ನು ಸೂಜಿ ಚುಚ್ಚುವ ಮೊದಲೇ, ಮನೆಯವರನ್ನೂ ಕೂಡಿಸಿಕೊಂಡು, ಅವರ ಮಾತಿನಲ್ಲೇ ಹೇಳಬೇಕು.