ಯುವಜನೋತ್ಸವದಲ್ಲಿ ಕನ್ನಡ ಎಲ್ಲಿತ್ತು?

ನಮ್ಮ ಬಳಗದ ಪ್ರತಿ ಸಭೆಯಲ್ಲೂ ಒಂದು ದೂರು ಇದ್ದೇ ಇರುತ್ತದೆ. ಮುಂಬಯಿಯ ಕಾಲೇಜು ಉತ್ಸವಗಳಲ್ಲಿ ಮರಾಠಿಗೆ ಜಾಗ ಉಂಟು, ಹಿಂದಿಗೆ ಉಂಟು, ಗುಜರಾತಿಗೂ ಉಂಟು, ಕನ್ನಡಕ್ಕೆ ಮಾತ್ರ ಇಲ್ಲ ಅಂತ. ಚಹಾ ಬರುವ ತನಕ ಈ ದೂರು, ಚಹಾ ಮುಗಿದ ಮೇಲೆ ಮನೆಗೆ. ಕಳೆದ ವರ್ಷದವರೆಗೆ ನಾನೂ ತಲೆದೂಗಿದವನೇ. ಈ ಸಲ ಮೂರು ದಿನ ಉತ್ಸವದಲ್ಲೇ ಕಳೆದು ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಹಿರಿಯ ಮಿತ್ರರು ಬೇಸರಿಸಬಾರದು.

ನಾನು ಹೋದದ್ದು ಕಲಾವಿದನಾಗಿ ಅಲ್ಲ. ಬಿ.ಕಾಂ. ಹುಡುಗ ಲೆಕ್ಕಕ್ಕಾದರೂ ಆದಾನು ಅಂತ ನಮ್ಮ ಕಾಲೇಜಿನ ತಂಡದವರು ಖರ್ಚಿನ ಪುಸ್ತಕ ನನ್ನ ಕೈಗೆ ಕೊಟ್ಟರು. ಟೆಂಪೋ ಬಾಡಿಗೆ, ಮೇಕಪ್ಪಿನವರ ಹಣ, ಮೂವತ್ತು ಜನರ ವಡಾಪಾವ್, ಇದು ನನ್ನ ಕಲಾಸೇವೆ. ಅದರ ಜೊತೆಗೆ ನಾಟಕದ ಮುಖವಾಡಗಳನ್ನು ಕಾಯುವ ಕೆಲಸ. ಟೆಂಪೋದಲ್ಲಿ ಮುರಿದುಹೋದಾವು ಅಂತ ಅವನ್ನು ನಾನು ಲೋಕಲ್ ರೈಲಿನಲ್ಲೇ ಒಯ್ದೆ. ಚೀಲದಿಂದ ಒಂದು ಕುದುರೆ ಮೂತಿ ಹೊರಗೆ ಇಣುಕುತ್ತಿತ್ತು. ದಾದರಿನಲ್ಲಿ ನೂಕಿ ಹತ್ತಿದವರು ಕೂಡ ಅದಕ್ಕೆ ಸ್ವಲ್ಪ ಜಾಗ ಬಿಟ್ಟರು, ನನಗೆ ಬಿಡಲಿಲ್ಲ.

ಕುದುರೆ ಮೂತಿ ಎಂದೊಡನೆ ನಿಮಗೆ ಗೊತ್ತಾಗಿರಬೇಕು, ನಾಟಕ 'ಹಯವದನ'. ಹಿಂದಿಯಲ್ಲಿ, ಅರ್ಧ ಗಂಟೆಗೆ ಇಳಿಸಿದ್ದು. ದೇವದತ್ತ ಕಪಿಲರ ತಲೆ ಅದಲುಬದಲಾಗುವ ಭಾಗಕ್ಕೆ ಸಭೆ ಉಸಿರು ಹಿಡಿದು ಕೂತಿತ್ತು. ಆಟ ಮುಗಿದು ಒಳಗೆ ಬಂದಾಗ ಕಪಿಲನ ಪಾತ್ರದ ಹುಡುಗ ಬೆವರು ಒರೆಸಿಕೊಳ್ಳುತ್ತ, "ಇದು ಮೂಲದಲ್ಲಿ ಯಾವ ಭಾಷೆಯದು?" ಎಂದ. "ಮರಾಠಿ ಇರಬೇಕು" ಎಂದ ಒಬ್ಬ. "ಕಾರ್ನಾಡರಲ್ಲವೇ, ಸಿನಿಮಾದವರು, ಹಿಂದಿಯೇ" ಎಂದ ಇನ್ನೊಬ್ಬ.

ನಾನು ಕುದುರೆ ಮೂತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಗಿರೀಶ ಕಾರ್ನಾಡರು ಅದನ್ನು ಕನ್ನಡದಲ್ಲಿ ಬರೆದರು, ಪುಸ್ತಕ ಬಂದದ್ದು 1971ರಲ್ಲಿ, ಮರುವರ್ಷವೇ ಸತ್ಯದೇವ ದುಬೆ ಇದೇ ಮುಂಬಯಿಯಲ್ಲಿ ಹಿಂದಿಯಲ್ಲಿ ಆಡಿಸಿದರು, ಆ ಭಾಗವತ ನಮ್ಮ ಯಕ್ಷಗಾನದಿಂದ ಬಂದವನು, ಇಷ್ಟೂ ನನಗೆ ಗೊತ್ತಿತ್ತು. ಒಂದು ಮಾತೂ ಆಡಲಿಲ್ಲ.

ಯಾಕೆ ಅಂದರೆ, ಹೇಳಿದರೆ ಮುಂದಿನ ಪ್ರಶ್ನೆ "ನಿನಗೆ ಹೇಗೆ ಗೊತ್ತು?" ಅದರ ಮುಂದಿನದು "ಯಾವ ಸ್ಕೂಲು?" ಏಳನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆ, ಹತ್ತರವರೆಗೆ ಕನ್ನಡ ಮಾಧ್ಯಮದ ಹೈಸ್ಕೂಲು. ಅಪ್ಪ ಹೊಟೇಲಿನ ಗಲ್ಲಾದಲ್ಲಿ ಕೂತು ಬರೆಯುವ ಜಮಾ-ಖರ್ಚು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಹನ್ನೊಂದನೆಯ ಕ್ಲಾಸಿನಲ್ಲಿ ಡೆಬಿಟ್ ಎಂದರೇನು ಅಂತ ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿ ಕಟ್ಟಿತು. ಹಿಂದಿನ ಬೆಂಚಿನವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ನನ್ನ ಶಾಲೆಯನ್ನು ನಾನು ಅಡಗಿಸಿ ಇಟ್ಟಿದ್ದೇನೆ. ನಮ್ಮ ಬಳಗದಲ್ಲಿ ಹೀಗೆ ಅಡಗಿಸಿದವನು ನಾನೊಬ್ಬನೇ ಅಲ್ಲ ಅಂತ ನನ್ನ ಗುಮಾನಿ. ಕನ್ನಡಕ್ಕೆ ಜಾಗ ಇಲ್ಲ ಎನ್ನುವ ನಾವೇ ಅದನ್ನು ಚೀಲದೊಳಗೆ ಹಾಕಿ ಓಡಾಡುತ್ತಿದ್ದೇವೆ.

ಮೂರನೆಯ ದಿನ ಸಮೂಹಗಾನ. ಒಂದು ಕಾಲೇಜಿನ ಆರು ಜನ ಮಲಯಾಳದ ದೋಣಿ ಹಾಡು ಹಾಡಿದರು. ಸಭೆಯಲ್ಲಿ ಅರ್ಥ ಆದವರು ಹತ್ತು ಜನ ಇದ್ದರೆ ಹೆಚ್ಚು, ಚಪ್ಪಾಳೆ ಮಾತ್ರ ನಿಲ್ಲಲಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಮಾತಾಡಿಸಿದೆ. ಆರರಲ್ಲಿ ಮಲಯಾಳಿಗಳು ಇಬ್ಬರೇ! ಉಳಿದ ನಾಲ್ವರು ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಒಂದು ತಿಂಗಳು ಕಲಿತವರು.

ಇದಕ್ಕೆ ನಿಯಮ ಬಿಡುತ್ತದೆಯೇ ಅಂತ ಅನುಮಾನ ಬಂತು. ತಲೆಗೆ ಇಷ್ಟು ಅಂತ ಫೀಸು ಕಟ್ಟಬೇಕಾದ್ದರಿಂದ ನಿಯಮದ ಪುಸ್ತಿಕೆ ನನ್ನ ಬಳಿಯೇ ಇತ್ತು. ಅಂತರ್ ವಿಶ್ವವಿದ್ಯಾಲಯ ಯುವಜನೋತ್ಸವ 1954ರಲ್ಲಿ ದೆಹಲಿಯ ತಾಲಕಟೋರಾ ಉದ್ಯಾನದಲ್ಲಿ ಮೊದಲು ನಡೆದದ್ದು. ಆ ರಾಷ್ಟ್ರಮಟ್ಟದ ಉತ್ಸವದ ನಿಯಮಗಳನ್ನೇ ನಮ್ಮಲ್ಲಿ ಹೆಚ್ಚುಕಡಿಮೆ ಇಳಿಸಿಕೊಂಡಿದ್ದಾರೆ. ಭಾರತೀಯ ಸಮೂಹಗಾನ: ಆರು ಗಾಯಕರು, ಮೂವರು ವಾದ್ಯದವರು, ಹತ್ತು ನಿಮಿಷ, ಹಿಂದಿ ಅಥವಾ ಯಾವುದೇ ಪ್ರಾದೇಶಿಕ ಭಾಷೆ. ಏಕಾಂಕ ನಾಟಕವೂ ಪ್ರಾದೇಶಿಕ ಭಾಷೆಯಲ್ಲಿ ಆಗುತ್ತದೆ, ಸಾರಾಂಶವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮೊದಲೇ ಕೊಟ್ಟರೆ ಸಾಕು. ಮೂಕಾಭಿನಯಕ್ಕಂತೂ ಭಾಷೆಯ ಹಂಗೇ ಇಲ್ಲ. ಇಷ್ಟು ವರ್ಷ ದೂರಿದ ನಮ್ಮಲ್ಲಿ ಈ ಪುಸ್ತಿಕೆ ಓದಿದವರು ಯಾರು ಮಾರಾಯ್ರೆ?

ಭಾಷಣ ಸ್ಪರ್ಧೆಯಲ್ಲಿ ಕನ್ನಡ ಇಲ್ಲ ಎಂಬುದು ನಿಜವೇ. ಆ ದೂರು ಇರಲಿ, ಅರ್ಜಿ ಬರೆದರೆ ನಾನೂ ಸಹಿ ಹಾಕುತ್ತೇನೆ. ಆದರೆ ತೆರೆದಿರುವ ಬಾಗಿಲು ಬಿಟ್ಟು ಮುಚ್ಚಿದ್ದರ ಮುಂದೆಯೇ ವರ್ಷವರ್ಷವೂ ಕೂರುವುದು ನನಗೆ ಒಪ್ಪಿಗೆ ಇಲ್ಲ. ಅರ್ಥವಾಗದ ಹಾಡಿಗೆ ತೀರ್ಪುಗಾರರು ಅಂಕ ಕೊಡಲಿಕ್ಕಿಲ್ಲ ಎನ್ನುತ್ತೀರಾ? ಕೊಡದೆ ಇರಬಹುದು. ನಾವು ಸೋಲಲೂಬಹುದು. ಈಗ ಗೆಲ್ಲುತ್ತಿರುವುದು ಏನು? ಡೊಳ್ಳು, ಕಂಸಾಳೆ ಅಂತ ಒಮ್ಮೆಗೇ ಹಾರುವುದು ಬೇಡ, ಅದಕ್ಕೆ ಕಲಿಸುವವರು ಬೇಕು, ಬಾಡಿಗೆಗೆ ಹಣವೂ ಬೇಕು. ಒಂದು ಜಾನಪದ ಗೀತೆ, ಆರು ಗಂಟಲು. ಆರೂ ಕನ್ನಡದವೇ ಆಗಬೇಕೆಂದಿಲ್ಲ. ನನ್ನ ಕ್ಲಾಸಿನ ಒಬ್ಬಳು ಮರಾಠಿ ಹುಡುಗಿ ಈಗಲೇ ತಯಾರಿದ್ದಾಳೆ.

ಒಂದು ಮಾತು ಒಪ್ಪಿಕೊಂಡು ಮುಗಿಸುತ್ತೇನೆ. ಹಿಂತಿರುಗುವ ರೈಲಿನಲ್ಲಿ ಕಪಿಲನ ಹುಡುಗ ನನ್ನ ಪಕ್ಕದಲ್ಲಿ ಕೂತಿದ್ದ. ಧೈರ್ಯ ಮಾಡಿ ಹೇಳಿಯೇ ಬಿಟ್ಟೆ, ಆ ನಾಟಕ ನಮ್ಮ ಭಾಷೆಯದು, ನಾನು ಕನ್ನಡ ಶಾಲೆಯಲ್ಲಿ ಓದಿದವನು ಅಂತ. ಅವನು ನಗಲಿಲ್ಲ. "ಹೌದಾ? ಹಾಗಾದರೆ ನಾನು ಕೊನೆಗೆ ಹೇಳುವ ಮಾತು ಕನ್ನಡದಲ್ಲಿ ಹೇಗಿದೆ, ಹೇಳು" ಎಂದ. ನನಗೆ ಬರಲಿಲ್ಲ. ನಾಟಕದ ಬಗ್ಗೆ ಗೊತ್ತಿತ್ತೇ ಹೊರತು ನಾಟಕವನ್ನು ನಾನು ಓದಿರಲಿಲ್ಲ.

ಪುಸ್ತಕ ನಮ್ಮ ಬಳಗದ ಕಪಾಟಿನಲ್ಲೇ ಉಂಟು. ಮೊನ್ನೆ ತೆಗೆದುಕೊಂಡೆ. ರಿಜಿಸ್ಟರಿನಲ್ಲಿ ಅದರ ಮುಂದೆ ನನ್ನದೇ ಮೊದಲ ಹೆಸರು. ಓದಿ ಮುಂದಿನ ಶನಿವಾರ ಹಿಂದಿರುಗಿಸುತ್ತೇನೆ, ಸಮೂಹಗಾನಕ್ಕೆ ಹೆಸರು ಕೊಡುವವರು ಅಂದೇ ಬಂದು ಕೊಡಬಹುದು. ನನಗೆ ಶ್ರುತಿ ಇಲ್ಲ, ಲೆಕ್ಕ ನಾನೇ ಬರೆಯುತ್ತೇನೆ.